ನೆಟ್ ಇದೆ, ಮೇಲ್ ಇಲ್ಲ: ಕೊಡಗಿನ ಮಳೆಗಾಲದಲ್ಲಿ ಡಿಎನ್‌ಎಸ್ ಪರೀಕ್ಷೆಯನ್ನು ಎಲ್ಲಿಂದ ಮಾಡಬೇಕು?

ಕಕ್ಕಡದ ಮಳೆಗೆ ಸಿಲ್ವರ್ ಓಕ್ ಮರವೊಂದು ಕೇಬಲ್ ಮೇಲೆ ಬಿತ್ತೆಂದರೆ ಗೋಣಿಕೊಪ್ಪದ ಕರಿಮೆಣಸು ವ್ಯಾಪಾರಿಯ ಅಂಗಡಿಯಲ್ಲೂ ಸುಂಟಿಕೊಪ್ಪದ ಎಸ್ಟೇಟ್ ಆಫೀಸಿನಲ್ಲೂ ನಡೆಯುವುದು ಒಂದೇ. ಫೈಬರ್ ಹೋಗುತ್ತದೆ. ರೂಟರ್ ತಾನಾಗಿ 4ಜಿ ಸಿಮ್‌ಗೆ ಹೊರಳುತ್ತದೆ, ಇಲ್ಲವೇ ಯಾರಾದರೂ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡುತ್ತಾರೆ. ವಾಟ್ಸ್‌ಆ್ಯಪ್ ಬರುತ್ತದೆ, ಬ್ರೌಸರ್ ತೆರೆಯುತ್ತದೆ, ಔಟ್‌ಲುಕ್ ಅಥವಾ ಥಂಡರ್‌ಬರ್ಡ್ ಮಾತ್ರ ಸರ್ವರ್ ಸಿಗುತ್ತಿಲ್ಲ ಎಂದು ಕೂತುಬಿಡುತ್ತದೆ. ‘ಮೇಲ್ ಸರ್ವರ್ ಡೌನ್’ ಎಂಬ ತೀರ್ಮಾನ ಅಷ್ಟರಲ್ಲಿ ಆಗಿಹೋಗಿರುತ್ತದೆ. ಫೋನ್ ಮಾಡಿದರೆ ಸಪೋರ್ಟ್‌ನವರು ತಮ್ಮ ಕಡೆಯಿಂದ ನೋಡಿ ‘ಇಲ್ಲಿ ಎಲ್ಲ ಸರಿ ಇದೆಯಲ್ಲ ಸಾರ್’ ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ಅವರು ನೋಡಿದ್ದು ಬೆಂಗಳೂರಿನ ಯಾವುದೋ ರಿಸಾಲ್ವರ್, ಅಂದರೆ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್, ಕೊಟ್ಟ ಉತ್ತರವನ್ನು. ಗೋಣಿಕೊಪ್ಪದ ಕಂಪ್ಯೂಟರ್ ಕೇಳುತ್ತಿರುವುದು ಇನ್ನೊಂದನ್ನು.

ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ‘ಹೆಸರು ಸಿಗುತ್ತಿದೆಯೇ’ ಎಂದು ಸುಮ್ಮನೆ ಕೇಳಿ ಪ್ರಯೋಜನವಿಲ್ಲ. ಯಾವ ಯಂತ್ರ, ಯಾವ ರಿಸಾಲ್ವರ್‌ಗೆ, ಯಾವ ಬಗೆಯ ರೆಕಾರ್ಡ್ (ಹೆಸರಿನ ಬಗ್ಗೆ ಬರೆದಿಟ್ಟ ಮಾಹಿತಿ) ಕೇಳಿತು ಎಂಬ ಮೂರೂ ಗೊತ್ತಿದ್ದರೆ ಮಾತ್ರ ಉತ್ತರಕ್ಕೆ ಬೆಲೆ. ಜಿಲ್ಲೆಯ ಕಚೇರಿಗಳಲ್ಲಿ, ಹೋಮ್‌ಸ್ಟೇಗಳಲ್ಲಿ ಮೇಲ್ ಕೆಟ್ಟಾಗ ಹೆಚ್ಚು ಹೊತ್ತು ವ್ಯರ್ಥವಾಗುವುದು ಈ ಮೂರನ್ನು ಕಲಸಿಕೊಂಡಿದ್ದರಿಂದಲೇ.

ಒಂದು ಪತ್ರದ ದಾರಿ ನೋಡೋಣ. ವಿರಾಜಪೇಟೆಯ ಹೋಮ್‌ಸ್ಟೇಯಿಂದ ಕೊಚ್ಚಿಯ ಟ್ರಾವೆಲ್ ಏಜೆಂಟರಿಗೆ ಬುಕಿಂಗ್ ಖಚಿತಪಡಿಸಿ ಮೇಲ್ ಹೋಗಬೇಕು. ಕಂಪ್ಯೂಟರಿನ ಮೇಲ್ ಪ್ರೋಗ್ರಾಂ ಮೊದಲು ತನ್ನ ಸೆಟ್ಟಿಂಗ್‌ನಲ್ಲಿರುವ ಎಸ್‌ಎಂಟಿಪಿ (ಮೇಲ್ ಕಳುಹಿಸುವ) ಸರ್ವರಿನ ಹೆಸರಿಗೆ ಎ (ಐಪಿವಿ4 ವಿಳಾಸ) ಅಥವಾ ಎಎಎಎ (ಹೊಸ ಮಾದರಿಯ ಐಪಿವಿ6 ವಿಳಾಸ) ರೆಕಾರ್ಡ್ ಕೇಳುತ್ತದೆ, ಅಂದರೆ ಐಪಿ ವಿಳಾಸ ಮಾತ್ರ. ಈ ಹುಡುಕಾಟ ನಡೆಯುವುದು ವಿರಾಜಪೇಟೆಯಲ್ಲಿ. ಮೇಲ್ ಸರ್ವರ್ ಪತ್ರ ಪಡೆದ ಮೇಲೆ ಏಜೆಂಟರ ಡೊಮೇನಿಗೆ ಎಂಎಕ್ಸ್ ರೆಕಾರ್ಡ್ (ಆ ಡೊಮೇನಿನ ಮೇಲ್ ಪಡೆಯುವ ಸರ್ವರ್‌ಗಳ ಹೆಸರು) ಕೇಳಿ, ಅದರಲ್ಲಿ ಬಂದ ಹೆಸರುಗಳಿಗೆ ಮತ್ತೆ ಐಪಿ ಕೇಳುತ್ತದೆ. ಇದು ನಡೆಯುವುದು ಡೇಟಾ ಸೆಂಟರಿನಲ್ಲಿ. ಪತ್ರ ಪಡೆಯುವ ಸರ್ವರ್ ಸುಮ್ಮನಿರುವುದಿಲ್ಲ: ಕಳುಹಿಸಿದ ಐಪಿಗೆ ಪಿಟಿಆರ್ (ಐಪಿಯಿಂದ ಹೆಸರು ಹೇಳುವ ಹಿಮ್ಮುಖ ರೆಕಾರ್ಡ್), ಡೊಮೇನಿಗೆ ಎಸ್‌ಪಿಎಫ್ (ಯಾವ ಐಪಿಗಳು ಅದರ ಹೆಸರಿನಲ್ಲಿ ಕಳಿಸಬಹುದು ಎಂಬ ಪಟ್ಟಿ), ಡಿಕೆಐಎಂ (ಪತ್ರದ ಸಹಿ ತಾಳೆ ನೋಡುವ ಕೀಲಿ) ಎಂದು ಮೂರನೇ ಸುತ್ತಿನ ವಿಚಾರಣೆ ನಡೆಸುತ್ತದೆ. ಮೇಲ್ ಪ್ರೋಗ್ರಾಂ ಪತ್ರ ಕಳಿಸಲು, ತರಿಸಲು ಎಂಎಕ್ಸ್ ನೋಡುವುದೇ ಇಲ್ಲ. ಹಾಗಾಗಿ ಔಟ್‌ಲುಕ್ ತೆರೆಯದಿದ್ದಾಗ ಯಾವುದೋ ವೆಬ್‌ಸೈಟಿನಲ್ಲಿ ಎಂಎಕ್ಸ್ ಪರೀಕ್ಷಿಸಿ ಹಸಿರು ಟಿಕ್ ನೋಡಿ ಸಮಾಧಾನಪಡುವುದು ವ್ಯರ್ಥ ಕೆಲಸ.

ಕಂಪ್ಯೂಟರಿನ ಕಡೆ

ಮೊದಲು ಮೇಲ್ ಪ್ರೋಗ್ರಾಂನ ಅಕೌಂಟ್ ಸೆಟ್ಟಿಂಗ್ ತೆರೆದು ಒಳಬರುವ, ಹೊರಹೋಗುವ ಸರ್ವರ್‌ಗಳ ಹೆಸರನ್ನು ಅಕ್ಷರ ಬಿಡದೆ ಕಾಗದದ ಮೇಲೆ ಬರೆದುಕೊಳ್ಳಬೇಕು. ಎರಡೂ ಒಂದೇ ಹೆಸರಾಗಿರಬೇಕೆಂದಿಲ್ಲ. ‘ಮೇಲ್ ಬರುತ್ತದೆ, ಹೋಗುವುದಿಲ್ಲ’ ಎಂಬ ದೂರಿನಲ್ಲಿ ಎರಡನೆಯ ಹೆಸರನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಪೋರ್ಟ್ (ಸರ್ವರಿನ ಬಾಗಿಲ ಸಂಖ್ಯೆ) ಕೂಡ ಬರೆದಿಡಿ: ಮೇಲ್ ತರಿಸುವ ಐಮ್ಯಾಪ್‌ಗೆ ಸಾಮಾನ್ಯವಾಗಿ 993, ಪಾಪ್‌ಗೆ 995, ಕಳುಹಿಸಲು 465 ಅಥವಾ 587.

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್ /ಆಲ್’ ಕೊಟ್ಟರೆ ಯಾವ ಡಿಎನ್‌ಎಸ್ ಸರ್ವರ್ ಬಳಕೆಯಲ್ಲಿದೆ ಎಂದು ಕಾಣುತ್ತದೆ. 192.168.1.1 ಎಂದಿದ್ದರೆ ರೂಟರ್ ಮೂಲಕ ಹೋಗುತ್ತಿದೆ ಎಂದರ್ಥ. ಬೇರೆ ಸಂಖ್ಯೆ ಇದ್ದರೆ ಅದು ರೂಟರಿನದೇ ಇನ್ನೊಂದು ವಿಳಾಸವಿರಬಹುದು, ರೂಟರ್ ಹಂಚಿದ್ದಿರಬಹುದು, ಯಾರೋ ಕೈಯಾರೆ ಹಾಕಿರಬಹುದು, ಅಥವಾ ವಿಪಿಎನ್ ತಂದು ಕೂರಿಸಿರಬಹುದು. ಆಮೇಲೆ ‘ಎನ್‌ಎಸ್‌ಲುಕಪ್ ಮೇಲ್.ಎಕ್ಸಾಂಪಲ್.ಕಾಂ.’ ಎಂದು ಕೊಡಿ (ಮೇಲ್.ಎಕ್ಸಾಂಪಲ್.ಕಾಂ ಇರುವಲ್ಲಿ ನೀವು ಬರೆದುಕೊಂಡ ಹೆಸರು ಹಾಕಿ). ಕೊನೆಯ ಚುಕ್ಕಿ ಬಿಡಬಾರದು. ಚುಕ್ಕಿ ಇಲ್ಲದಿದ್ದರೆ ವಿಂಡೋಸ್ ಕಚೇರಿಯ ಡೊಮೇನ್ ಹೆಸರನ್ನು ಬಾಲವಾಗಿ ಅಂಟಿಸಿ ಕೇಳಿ ದಾರಿ ತಪ್ಪಿಸಬಹುದು.

ಇಲ್ಲಿ ಎರಡು ಸಾಲು ಹಲವರನ್ನು ಸುಮ್ಮನೆ ಹೆದರಿಸುತ್ತವೆ. ಮೇಲೆ ‘ಸರ್ವರ್: ಅನ್‌ನೋನ್’ ಎಂದು ಬಂದರೆ ರೂಟರಿನ ಐಪಿಗೆ ಹಿಮ್ಮುಖ ಹೆಸರು ಇಲ್ಲ ಎಂದಷ್ಟೇ ಅರ್ಥ. ‘ನಾನ್-ಅಥಾರಿಟೇಟಿವ್ ಆನ್ಸರ್’ ಎಂದರೆ ಉತ್ತರ ಡೊಮೇನಿನ ರೆಕಾರ್ಡ್‌ಗಳನ್ನು ಇಟ್ಟಿರುವ ಮೂಲ ನೇಮ್‌ಸರ್ವರ್‌ನಿಂದ ನೇರವಾಗಿ ಬಂದಿಲ್ಲ, ನಡುವಿನ ರಿಸಾಲ್ವರ್ ಕೊಟ್ಟಿದೆ ಎಂದು. ಎರಡೂ ದೋಷವಲ್ಲ.

ದೋಷ ಇರುವುದು ಉಳಿದ ನಾಲ್ಕು ಬಗೆಯ ಉತ್ತರಗಳಲ್ಲಿ, ಒಂದೊಂದೂ ಬೇರೆ ದಿಕ್ಕು ತೋರಿಸುತ್ತದೆ. ‘ಟೈಮ್ಡ್ ಔಟ್’ ಬಂದರೆ ರಿಸಾಲ್ವರ್ ತನಕ ಪ್ರಶ್ನೆ ಹೋಗಿಲ್ಲ, ಇಲ್ಲವೇ ಉತ್ತರ ಮರಳಿಲ್ಲ. ‘ಕ್ವೆರಿ ರಿಫ್ಯೂಸ್ಡ್’ ಎಂದರೆ ರಿಸಾಲ್ವರ್ ಜೀವಂತವಾಗಿದೆ, ನಿಮಗೆ ಉತ್ತರಿಸಲು ಮಾತ್ರ ಒಪ್ಪುತ್ತಿಲ್ಲ. ‘ಸರ್ವರ್ ಫೇಲ್ಡ್’ ಎಂದರೆ ಅದು ಹುಡುಕಲು ಹೋಗಿ ಸೋತಿದೆ. ‘ನಾನ್-ಎಕ್ಸಿಸ್ಟೆಂಟ್ ಡೊಮೇನ್’ ಎಂದರೆ ಆ ಹೆಸರೇ ಇಲ್ಲ ಎಂಬ ಖಚಿತ ಉತ್ತರ: ಸ್ಪೆಲಿಂಗ್ ತಪ್ಪಿದೆ, ರೆಕಾರ್ಡ್ ಅಳಿಸಿಹೋಗಿದೆ, ಅಥವಾ ಡೊಮೇನ್ ನವೀಕರಣ ಮರೆತಿದ್ದಾರೆ.

ಫೈಬರ್ ಹೋಗಿ ಸಿಮ್ ಬಂದಾಗ ಮೊದಲು ಅನುಮಾನಿಸಬೇಕಾದದ್ದು ಮೊದಲೆರಡನ್ನು. ಫೈಬರ್ ಹಾಕಿಕೊಟ್ಟವರು ತಮ್ಮ ಕಂಪನಿಯ ರಿಸಾಲ್ವರ್ ಐಪಿಯನ್ನು ರೂಟರಿನಲ್ಲೋ ಕಂಪ್ಯೂಟರಿನಲ್ಲೋ ಕಾಯಂ ಮಾಡಿ ಹೋಗಿರುತ್ತಾರೆ. ಇಂಥ ರಿಸಾಲ್ವರ್‌ಗಳು ಸಾಮಾನ್ಯವಾಗಿ ತಮ್ಮ ಜಾಲದ ಗ್ರಾಹಕರಿಗೆ ಮಾತ್ರ ಉತ್ತರಿಸುತ್ತವೆ. ಸಂಪರ್ಕ ಬೇರೆ ಕಂಪನಿಯ ಸಿಮ್‌ಗೆ ಹೊರಳಿದ ಕ್ಷಣ ನೀವು ಅದಕ್ಕೆ ಹೊರಗಿನವರು. ಹಾಗಾದರೆ ಬ್ರೌಸರ್ ಹೇಗೆ ಓಡುತ್ತದೆ? ಫೈರ್‌ಫಾಕ್ಸ್, ಕ್ರೋಮ್‌ನಂಥವುಗಳಲ್ಲಿ ಎಚ್‌ಟಿಟಿಪಿಎಸ್ ಮೂಲಕವೇ ಡಿಎನ್‌ಎಸ್ ಕೇಳುವ ಸೌಲಭ್ಯವಿದೆ. ಅದು ಆನ್ ಆಗಿದ್ದರೆ ಬ್ರೌಸರ್ ನಿಮ್ಮ ಸಿಸ್ಟಮ್ ರಿಸಾಲ್ವರನ್ನು ಮುಟ್ಟದೆಯೇ ಓಡಬಲ್ಲದು. ಮೊಬೈಲಿನಲ್ಲಿ ವಾಟ್ಸ್‌ಆ್ಯಪ್ ಬಂದದ್ದೂ ಮೊಬೈಲಿನ ಸ್ವಂತ ಡಿಎನ್‌ಎಸ್ ಮೂಲಕ. ಆದ್ದರಿಂದ ‘ಗೂಗಲ್ ತೆರೆಯುತ್ತದೆ’ ಎಂಬುದು ಔಟ್‌ಲುಕ್‌ನ ಡಿಎನ್‌ಎಸ್ ಸರಿಯಿದೆ ಎಂಬುದಕ್ಕೆ ಪುರಾವೆ ಅಲ್ಲ.

ಅದೇ ಹೆಸರನ್ನು ಇನ್ನೊಂದು ರಿಸಾಲ್ವರ್‌ಗೆ ಕೇಳಿ ನೋಡುವುದು ಮುಂದಿನ ಹೆಜ್ಜೆ: ‘ಎನ್‌ಎಸ್‌ಲುಕಪ್ ಮೇಲ್.ಎಕ್ಸಾಂಪಲ್.ಕಾಂ. 1.1.1.1’. ಇದಕ್ಕೆ ಉತ್ತರ ಬಂದು ಮೊದಲಿನದಕ್ಕೆ ಬರದಿದ್ದರೆ ದೋಷ ನಿಮ್ಮ ರಿಸಾಲ್ವರ್‌ನಲ್ಲಿ. ಎರಡೂ ಕಡೆ ‘ಹೆಸರೇ ಇಲ್ಲ’ ಎಂದು ಬಂದರೆ ಡೊಮೇನಿನಲ್ಲಿ. ಎರಡೂ ಕಡೆ ಬೇರೆ ಬೇರೆ ಐಪಿ ಬಂದರೆ ಹಳೆಯ ಉತ್ತರ ಎಲ್ಲೋ ಕ್ಯಾಶ್‌ನಲ್ಲಿ (ಸ್ವಲ್ಪ ಕಾಲ ನೆನಪಿಟ್ಟ ಉತ್ತರಗಳ ಸಂಗ್ರಹ) ಕೂತಿರಬಹುದು, ಅಥವಾ ಕಚೇರಿಯ ಒಳಗೂ ಹೊರಗೂ ಬೇರೆ ಉತ್ತರ ಕೊಡುವ ಏರ್ಪಾಡಿರಬಹುದು.

ಇಷ್ಟಕ್ಕೆ ನಿಲ್ಲಿಸಿದರೆ ಅರ್ಧ ಪರೀಕ್ಷೆ ಮಾತ್ರ ಆದಂತೆ. ಎನ್‌ಎಸ್‌ಲುಕಪ್ ನೇರವಾಗಿ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಹೆಸರಿಗೆ ಐಪಿಯನ್ನು ಕೈಯಾರೆ ಬರೆದಿಡುವ ವಿಂಡೋಸ್‌ನ ಹೋಸ್ಟ್ಸ್ ಫೈಲನ್ನಾಗಲಿ, ಕಂಪ್ಯೂಟರಿನ ಒಳಗಿನ ಕ್ಯಾಶನ್ನಾಗಲಿ ನೋಡುವುದಿಲ್ಲ. ಔಟ್‌ಲುಕ್ ಅವೆರಡನ್ನೂ ಬಳಸುತ್ತದೆ. ಸರ್ವರ್ ಬದಲಾಯಿಸುವಾಗ ತಾತ್ಕಾಲಿಕವೆಂದು ಹೋಸ್ಟ್ಸ್ ಫೈಲಿನಲ್ಲಿ ಬರೆದ ಒಂದು ಸಾಲು ವರ್ಷಗಟ್ಟಲೆ ಅಲ್ಲೇ ಉಳಿದಿರುತ್ತದೆ. ಎನ್‌ಎಸ್‌ಲುಕಪ್ ಹೊಸ ವಿಳಾಸ ತೋರಿಸುತ್ತಿರುತ್ತದೆ, ಔಟ್‌ಲುಕ್ ಹಳೆಯ ಬಾಗಿಲು ಬಡಿಯುತ್ತಿರುತ್ತದೆ. ಆದ್ದರಿಂದ ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್ ಮೇಲ್.ಎಕ್ಸಾಂಪಲ್.ಕಾಂ -ಪೋರ್ಟ್ 993’ ಕೊಟ್ಟು ನೋಡಬೇಕು. ಇದು ಸಿಸ್ಟಮ್ ಹೋಗುವ ದಾರಿಯಲ್ಲೇ ಹೆಸರು ಹುಡುಕಿ, ಪೋರ್ಟ್ ತೆರೆದಿದೆಯೇ ಎಂದೂ ಹೇಳುತ್ತದೆ. ಇದರ ಐಪಿಗೂ ಎನ್‌ಎಸ್‌ಲುಕಪ್‌ನ ಐಪಿಗೂ ತಾಳೆಯಾಗದಿದ್ದರೆ ಹೋಸ್ಟ್ಸ್ ಫೈಲ್ ನೋಡಿ, ಬಳಿಕ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’ ಕೊಡಿ. ಲಿನಕ್ಸ್‌ನಲ್ಲಿ ಇದೇ ವ್ಯತ್ಯಾಸ ಡಿಎನ್‌ಎಸ್ ಸರ್ವರನ್ನು ನೇರ ಕೇಳುವ ‘ಡಿಗ್’ ಮತ್ತು ಸಿಸ್ಟಮ್ ಹೋಗುವ ದಾರಿಯಲ್ಲಿ ಹುಡುಕುವ ‘ಗೆಟ್‌ಎಂಟ್ ಹೋಸ್ಟ್ಸ್’ ನಡುವೆ ಇದೆ.

ಕರೆಂಟ್ ಹೋಗಿ ಬಂದ ಮೇಲಿನ ಒಂದು ತೊಂದರೆಯನ್ನು ಪ್ರತ್ಯೇಕವಾಗಿ ಹೇಳಬೇಕು, ಯಾಕೆಂದರೆ ಮಳೆಗಾಲದ ಕೊಡಗಿನಲ್ಲಿ ಇದಕ್ಕೆ ಅವಕಾಶ ಹೆಚ್ಚು. ಬಹಳಷ್ಟು ರೂಟರ್‌ಗಳಲ್ಲಿ, ಸಣ್ಣ ಲಿನಕ್ಸ್ ಪೆಟ್ಟಿಗೆಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ. ಯುಪಿಎಸ್ ಕೂಡ ಕೈಕೊಟ್ಟು ಅವು ಮತ್ತೆ ಆನ್ ಆದಾಗ ತಾರೀಖು ಎಷ್ಟೋ ಹಿಂದಕ್ಕೆ ಹೋಗಿರುತ್ತದೆ. ಆ ಪೆಟ್ಟಿಗೆಯೇ ಡಿಎನ್‌ಎಸ್‌ಸೆಕ್ ಸಹಿ (ಡಿಎನ್‌ಎಸ್ ಉತ್ತರ ಅಸಲಿ ಎಂದು ತೋರಿಸುವ, ಅವಧಿ ಇರುವ ಡಿಜಿಟಲ್ ಗುರುತು) ಪರಿಶೀಲಿಸುವ ರಿಸಾಲ್ವರ್ ಆಗಿದ್ದರೆ ಎಲ್ಲ ಸಹಿಗಳೂ ಇನ್ನೂ ಜಾರಿಗೆ ಬಾರದವುಗಳಂತೆ ಕಂಡು ‘ಸರ್ವರ್ ಫೇಲ್ಡ್’ ಎನ್ನುತ್ತದೆ. ಸಹಿ ಇಲ್ಲದ ಡೊಮೇನ್‌ಗಳು ಸರಾಗವಾಗಿ ತೆರೆಯುತ್ತವೆ, ಸಹಿ ಇರುವ ನಿಮ್ಮ ಮೇಲ್ ಡೊಮೇನ್ ತೆರೆಯುವುದಿಲ್ಲ. ಗಡಿಯಾರ ಸರಿಪಡಿಸುವ ಎನ್‌ಟಿಪಿ ಸರ್ವರಿಗೂ ಹೆಸರೇ ಕೊಟ್ಟಿದ್ದು, ಅದಕ್ಕೂ ಸಹಿ ಇದ್ದರೆ ಎರಡೂ ಒಂದಕ್ಕೊಂದು ಕಾಯುತ್ತ ನಿಲ್ಲುತ್ತವೆ. ಪತ್ತೆ ಮಾಡುವುದು ಸುಲಭ: ‘ಡಿಗ್ +ಸಿಡಿ’ ಕೊಟ್ಟರೆ ಸಹಿ ಪರಿಶೀಲನೆ ಬಿಟ್ಟು ಉತ್ತರ ಬರುತ್ತದೆ. ಹಾಗೆ ಕೊಟ್ಟಾಗ ಉತ್ತರ ಬಂದು ಕೊಡದಿದ್ದಾಗ ಬಾರದಿದ್ದರೆ ಮೊದಲು ರೂಟರಿನ ತಾರೀಖು ನೋಡಿ. ಎನ್‌ಟಿಪಿಗೆ ಹೆಸರಿನ ಜತೆ ಒಂದು ಐಪಿಯನ್ನೂ ಹಾಕಿಟ್ಟರೆ ಈ ಗಂಟು ಬೀಳುವುದಿಲ್ಲ.

ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇನ್ನೊಂದಿದೆ. 4ಜಿ ಜಾಲ ಹಲವೆಡೆ ಐಪಿವಿ6 ವಿಳಾಸ ಕೊಡುತ್ತದೆ, ಕಚೇರಿಯ ಫೈಬರ್ ಕೊಡದೆ ಇರಬಹುದು. ಮೇಲ್ ಸರ್ವರಿಗೆ ಯಾರೋ ಎಎಎಎ ರೆಕಾರ್ಡ್ ಹಾಕಿ, ಸರ್ವರಿನಲ್ಲಿ ಐಪಿವಿ6 ಚಾಲೂ ಮಾಡಲು ಮರೆತಿದ್ದರೆ ಫೈಬರಿನಲ್ಲಿದ್ದಾಗ ಅದು ಗೊತ್ತೇ ಆಗುವುದಿಲ್ಲ. ಹಾಟ್‌ಸ್ಪಾಟ್‌ಗೆ ಬಂದಾಗ ಪ್ರೋಗ್ರಾಂ ಮೊದಲು ಐಪಿವಿ6 ಯತ್ನಿಸಿ ಸುಮಾರು 20 ಸೆಕೆಂಡ್ ಕಾದು ಆಮೇಲೆ ಹಳೆಯ ದಾರಿಗೆ ಬರುತ್ತದೆ, ಕೆಲವು ಬರುವುದೂ ಇಲ್ಲ. ಎ ಮತ್ತು ಎಎಎಎ ಎರಡನ್ನೂ ಬೇರೆ ಬೇರೆಯಾಗಿ ಕೇಳಿ ಪರೀಕ್ಷಿಸಬೇಕು. ಆಂಡ್ರಾಯ್ಡ್ 9ರಿಂದ ಇರುವ ‘ಪ್ರೈವೇಟ್ ಡಿಎನ್‌ಎಸ್’ ಆಯ್ಕೆಯಲ್ಲಿ ನಿರ್ದಿಷ್ಟ ಹೆಸರು ಹಾಕಿದ್ದು, ಹೋಟೆಲಿನ ವೈಫೈ 853ನೇ ಪೋರ್ಟ್ ತಡೆದಿದ್ದರೆ ಫೋನಿಗೆ ಯಾವ ಹೆಸರೂ ಸಿಗುವುದಿಲ್ಲ. ಅತಿಥಿಗಳಿಂದ ‘ನಿಮ್ಮ ವೈಫೈ ಕೆಲಸ ಮಾಡುತ್ತಿಲ್ಲ’ ಎಂಬ ದೂರು ಬಂದಾಗ ಇದನ್ನೂ ಒಮ್ಮೆ ನೋಡಿ.

‘8.8.8.8 ಹಾಕಿಬಿಡಿ’

ಎಲ್ಲ ರೋಗಕ್ಕೂ ಇದೇ ಮದ್ದು ಎಂಬಂತಾಗಿದೆ. ಗೂಗಲ್ 2009ರಲ್ಲಿ (8.8.8.8), ಕ್ಲೌಡ್‌ಫ್ಲೇರ್ 2018ರಲ್ಲಿ (1.1.1.1) ಶುರು ಮಾಡಿದ ಸಾರ್ವಜನಿಕ ರಿಸಾಲ್ವರ್‌ಗಳು ಪರೀಕ್ಷೆಗೆ ಹೋಲಿಸಿ ನೋಡಲು ಬಹಳ ಒಳ್ಳೆಯವು. ಮನೆಯ ಕಂಪ್ಯೂಟರಿಗೆ ಕಾಯಂ ಹಾಕಿದರೂ ತೊಂದರೆ ಕಡಿಮೆ. ಆದರೆ ಎರಡು ಕಡೆ ಅವು ಕೆಡಿಸುತ್ತವೆ.

ಒಂದು, ಕಚೇರಿಯೊಳಗೇ ಸರ್ವರ್ ಇರುವ ಕಡೆ. ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಮೇಲ್ ಸರ್ವರ್ ಆವರಣದಲ್ಲೇ 192.168.1.10ರಲ್ಲಿದೆ ಎಂದುಕೊಳ್ಳಿ. ಒಳಗಿನ ಡಿಎನ್‌ಎಸ್ ಅದೇ ವಿಳಾಸ ಕೊಡುತ್ತದೆ, ಹೊರಗಿನ ಡಿಎನ್‌ಎಸ್ ಫೈಬರಿನ ಸಾರ್ವಜನಿಕ ಐಪಿ ಕೊಡುತ್ತದೆ. ಸಿಬ್ಬಂದಿಯ ಕಂಪ್ಯೂಟರಿಗೆ 8.8.8.8 ಹಾಕಿದರೆ ಪಕ್ಕದ ಕೋಣೆಯ ಸರ್ವರ್ ತಲುಪಲು ಸಂಪರ್ಕ ಹೊರಗಿನ ವಿಳಾಸಕ್ಕೆ ಹೋಗುತ್ತದೆ. ಎಷ್ಟೋ ರೂಟರ್‌ಗಳು ಒಳಗಿನಿಂದ ಹೊರಗಿನ ಐಪಿಗೆ ಹೋಗಿ ಮತ್ತೆ ಒಳಗೆ ತಿರುಗಲು ಬಿಡುವುದಿಲ್ಲ. ಫೈಬರ್ ಹೋದ ದಿನವಂತೂ ಒಂದೇ ಕಟ್ಟಡದಲ್ಲಿರುವ ಇಬ್ಬರ ನಡುವೆಯೂ ಮೇಲ್ ನಿಲ್ಲುತ್ತದೆ. ‘ಒಂದು ಒಳಗಿನದು, ಎರಡನೆಯದು 8.8.8.8’ ಎಂದು ಜೋಡಿ ಹಾಕುವುದೂ ಪರಿಹಾರವಲ್ಲ. ಮೊದಲನೆಯದು ತುಸು ತಡ ಮಾಡಿದರೆ ವಿಂಡೋಸ್ ಎರಡನೆಯದಕ್ಕೆ ಹೋಗಿ ಅದನ್ನೇ ಹಿಡಿದುಕೊಳ್ಳುತ್ತದೆ, ‘ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ’ ಎಂಬ ಪತ್ತೆಗೆ ಸಿಗದ ಕಾಟ ಶುರುವಾಗುತ್ತದೆ.

ಎರಡನೆಯದು ಮೇಲ್ ಸರ್ವರಿನ ಮೇಲೇ ಹಾಕುವುದು. ಸ್ಪ್ಯಾಮ್ ತಡೆಯಲು ಸರ್ವರ್‌ಗಳು ಸ್ಪಾಮ್‌ಹೌಸ್‌ನಂಥ ಕಪ್ಪುಪಟ್ಟಿಗಳನ್ನು ಡಿಎನ್‌ಎಸ್ ಮೂಲಕವೇ ಕೇಳುತ್ತವೆ. ಸ್ಪಾಮ್‌ಹೌಸ್ ಸಾರ್ವಜನಿಕ ರಿಸಾಲ್ವರ್ ಮೂಲಕ ಬಂದ ಪ್ರಶ್ನೆಗೆ ನಿಜವಾದ ಉತ್ತರ ಕೊಡದೆ 127.255.255.254 ಎಂಬ ದೋಷ ಸಂಕೇತ ಕಳಿಸುತ್ತದೆ. ‘ಏನಾದರೂ ಉತ್ತರ ಬಂದರೆ ಅದು ಸ್ಪ್ಯಾಮ್’ ಎಂದು ಬರೆದ ಸರಳ ನಿಯಮವಿದ್ದರೆ ಸರ್ವರ್ ಎಲ್ಲರ ಪತ್ರವನ್ನೂ ತಿರಸ್ಕರಿಸತೊಡಗುತ್ತದೆ. ಮೇಲ್ ಸರ್ವರ್ ಯಂತ್ರದಲ್ಲೇ ಅನ್‌ಬೌಂಡ್‌ನಂಥ ಸ್ವಂತ ರಿಸಾಲ್ವರ್ ಇಟ್ಟುಕೊಳ್ಳುವುದು ಸರಿಯಾದ ದಾರಿ.

ಸರ್ವರಿನ ಕಡೆ

ಎಂಎಕ್ಸ್ ಪರೀಕ್ಷೆ ಎರಡು ಹಂತದ್ದು. ‘ಡಿಗ್ +ಶಾರ್ಟ್ ಎಂಎಕ್ಸ್ ಎಕ್ಸಾಂಪಲ್.ಕಾಂ’ ಕೊಟ್ಟಾಗ ‘10 ಮೇಲ್.ಎಕ್ಸಾಂಪಲ್.ಕಾಂ.’ ಎಂಬಂಥ ಸಾಲು ಬರಬೇಕು. ಸಣ್ಣ ಸಂಖ್ಯೆಗೆ ಮೊದಲ ಆದ್ಯತೆ. ಆ ಬಲಬದಿಯ ಹೆಸರಿಗೆ ಮತ್ತೆ ಎ ಕೇಳಿ ಐಪಿ ಬರುವುದನ್ನು ಖಚಿತಪಡಿಸಿಕೊಳ್ಳಬೇಕು. ಬಲಬದಿಯಲ್ಲಿ ನೇರ ಐಪಿ ಇರಬಾರದು. ಸಿನೇಮ್ (ಇನ್ನೊಂದು ಹೆಸರಿನತ್ತ ಕಳಿಸುವ ರೆಕಾರ್ಡ್) ಇರುವ ಹೆಸರೂ ಆಗದು. ಕೆಲವು ಸರ್ವರ್‌ಗಳು ಸಹಿಸಿಕೊಳ್ಳುತ್ತವೆ, ಕೆಲವು ಇಲ್ಲ, ಆದ್ದರಿಂದಲೇ ‘ಒಬ್ಬರಿಂದ ಮಾತ್ರ ಮೇಲ್ ಬರುತ್ತಿಲ್ಲ’ ಎಂಬ ದೂರು. ಉತ್ತರದಲ್ಲಿ ‘ಮೇಲ್.ಎಕ್ಸಾಂಪಲ್.ಕಾಂ.ಎಕ್ಸಾಂಪಲ್.ಕಾಂ.’ ಎಂದು ಹೆಸರು ಎರಡು ಸಲ ಬಂದರೆ ಝೋನ್ ಫೈಲಿನಲ್ಲಿ (ನೇಮ್‌ಸರ್ವರಿನ ರೆಕಾರ್ಡ್ ಪಟ್ಟಿ) ಕೊನೆಯ ಚುಕ್ಕಿ ಬಿಟ್ಟುಹೋಗಿದೆ.

ನಮ್ಮ ಹೋಮ್‌ಸ್ಟೇಗಳ ಮೇಲ್ ಹಾಳಾಗುವ ರಾಜಮಾರ್ಗವೊಂದಿದೆ. ವೆಬ್‌ಸೈಟ್ ಹೊಸದು ಮಾಡಿಸುತ್ತಾರೆ. ಮಾಡಿಕೊಡುವವರು ‘ನೇಮ್‌ಸರ್ವರ್ ಬದಲಾಯಿಸಿ ಸಾಕು’ ಎನ್ನುತ್ತಾರೆ. ಬದಲಾದ ಮೇಲೆ ಸೈಟ್ ಚೆನ್ನಾಗಿ ಬರುತ್ತದೆ, ಹಳೆಯ ನೇಮ್‌ಸರ್ವರಿನಲ್ಲಿದ್ದ ಎಂಎಕ್ಸ್ ಮಾತ್ರ ಹೊಸತಕ್ಕೆ ಬಂದಿರುವುದಿಲ್ಲ. ಎಂಎಕ್ಸ್ ಇಲ್ಲದಿದ್ದರೆ ಕಳುಹಿಸುವ ಸರ್ವರ್ ಸುಮ್ಮನಾಗುವುದಿಲ್ಲ, ನಿಯಮದಂತೆ ಡೊಮೇನಿನ ಎ ರೆಕಾರ್ಡಿಗೇ, ಅಂದರೆ ವೆಬ್ ಸರ್ವರಿಗೇ ಪತ್ರ ಒಯ್ಯುತ್ತದೆ. ಅಲ್ಲಿ 25ನೇ ಪೋರ್ಟ್ ತೆರೆದಿದ್ದರೆ ಪತ್ರ ತಿರಸ್ಕೃತವಾಗಬಹುದು, ಅಥವಾ ಯಾರೂ ತೆರೆಯದ ಪೆಟ್ಟಿಗೆಯಲ್ಲಿ ಬಿದ್ದಿರಬಹುದು. ಎರಡನೆಯದೇ ಅಪಾಯ, ಯಾಕೆಂದರೆ ಕಳಿಸಿದವರಿಗೂ ಗೊತ್ತಾಗುವುದಿಲ್ಲ. ನೇಮ್‌ಸರ್ವರ್ ಬದಲಿಸುವ ಮೊದಲು ಹಳೆಯದರ ಎಂಎಕ್ಸ್, ಟಿಎಕ್ಸ್‌ಟಿ (ಎಸ್‌ಪಿಎಫ್ ಇರುವುದು ಇದರಲ್ಲೇ), ಡಿಕೆಐಎಂ ಎಲ್ಲ ಪ್ರತಿ ಮಾಡಿ, ಹೊಸ ನೇಮ್‌ಸರ್ವರನ್ನೇ ‘ಡಿಗ್ @’ ಮೂಲಕ ನೇರವಾಗಿ ಕೇಳಿ ತಾಳೆ ನೋಡಬೇಕು. ಇದು ಹತ್ತು ನಿಮಿಷದ ಕೆಲಸ.

ಇದರದೇ ತಮ್ಮನಂಥದ್ದು ಇನ್ನೊಂದು: ಹೊರಗಿನ ಮೇಲ್ ಎಲ್ಲ ಬರುತ್ತದೆ, ಸ್ವಂತ ವೆಬ್‌ಸೈಟಿನ ಬುಕಿಂಗ್ ಫಾರಂನಿಂದ ಮಾತ್ರ ಬರುವುದಿಲ್ಲ. ಸಿಪ್ಯಾನಲ್ ಎಂಬ ನಿರ್ವಹಣಾ ತಂತ್ರಾಂಶ ಇರುವ ಹೋಸ್ಟಿಂಗ್‌ನಲ್ಲಿ ಇಮೇಲ್ ರೂಟಿಂಗ್ ‘ಲೋಕಲ್’ ಎಂದಿದ್ದರೆ ವೆಬ್ ಸರ್ವರ್ ಆ ಡೊಮೇನ್ ತನ್ನದೇ ಎಂದು ನಂಬಿ ಎಂಎಕ್ಸ್ ಕೇಳುವುದೇ ಇಲ್ಲ. ಹೊರಗಿನಿಂದ ಎಷ್ಟು ಪರೀಕ್ಷೆ ಮಾಡಿದರೂ ಎಲ್ಲ ಸರಿ ಕಾಣುತ್ತದೆ. ಅದನ್ನು ‘ರಿಮೋಟ್’ ಮಾಡಬೇಕು.

ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶದ ಸ್ವಂತ ಮೇಲ್ ಸರ್ವರ್ ಇದ್ದರೆ ಲಾಗ್‌ನ ಭಾಷೆ ಗಮನಿಸಿ. ‘ಹೋಸ್ಟ್ ನಾಟ್ ಫೌಂಡ್, ಟ್ರೈ ಎಗೇನ್’ ಎಂಬುದು ತಾತ್ಕಾಲಿಕ, ಪತ್ರ ಸರದಿಯಲ್ಲಿ ಉಳಿಯುತ್ತದೆ. ‘ಟ್ರೈ ಎಗೇನ್’ ಇಲ್ಲದ ‘ಹೋಸ್ಟ್ ನಾಟ್ ಫೌಂಡ್’ ಕಾಯಂ, ಪತ್ರ ಕೂಡಲೇ ಕಳಿಸಿದವರಿಗೆ ಮರಳುತ್ತದೆ. ಸರದಿಯ ಪತ್ರವನ್ನು ಮೂಲ ಸೆಟ್ಟಿಂಗ್‌ನಲ್ಲಿ 5 ದಿನ ಇಟ್ಟುಕೊಂಡು ಯತ್ನಿಸುತ್ತದೆ, ತಡವಾಗಿದೆ ಎಂಬ ಎಚ್ಚರಿಕೆ ಮಾತ್ರ ತಾನಾಗಿ ಕಳಿಸುವುದಿಲ್ಲ. ಹಾಗಾಗಿ ಡಿಎನ್‌ಎಸ್ ಕೆಟ್ಟ ಸರ್ವರಿನಲ್ಲಿ ಪತ್ರಗಳು ದಿನಗಟ್ಟಲೆ ಸದ್ದಿಲ್ಲದೆ ಕೂರುತ್ತವೆ. ‘ಪೋಸ್ಟ್‌ಕ್ಯೂ -ಪಿ’ ಕೊಟ್ಟು ಸರದಿ ನೋಡಿ. ಡೆಬಿಯನ್, ಉಬುಂಟು ಲಿನಕ್ಸ್‌ಗಳ ಹಲವು ಆವೃತ್ತಿಗಳಲ್ಲಿ ಇನ್ನೊಂದು ಮೋಸವಿದೆ: ಪೋಸ್ಟ್‌ಫಿಕ್ಸ್‌ನ ಭಾಗಗಳು ಪ್ರತ್ಯೇಕ ಡೈರೆಕ್ಟರಿಯೊಳಗೆ ಬಂಧಿತವಾಗಿ ಓಡುತ್ತವೆ, ಅಲ್ಲಿ ರಿಸಾಲ್ವರ್ ಸೆಟ್ಟಿಂಗ್‌ನ ಬೇರೆಯೇ ಒಂದು ಪ್ರತಿ ಇರುತ್ತದೆ. ಇಂಟರ್‌ನೆಟ್ ಕಂಪನಿ ಬದಲಾಗಿ ಮುಖ್ಯ ‘ರಿಸಾಲ್ವ್.ಕಾನ್ಫ್’ ತಿದ್ದಿದ ಮೇಲೆ ‘ಡಿಗ್’ ಸರಿಯಾಗಿ ಉತ್ತರಿಸುತ್ತದೆ, ಪೋಸ್ಟ್‌ಫಿಕ್ಸ್ ಹಳೆಯ ಪ್ರತಿ ಓದುತ್ತಲೇ ಇರುತ್ತದೆ. ರೀಸ್ಟಾರ್ಟ್ ಮಾಡಿದಾಗ ಪ್ರತಿ ಹೊಸದಾಗುತ್ತದೆ. ಎರಡು ಫೈಲನ್ನು ಹೋಲಿಸಿ ನೋಡಿಬಿಡುವುದು ಒಳ್ಳೆಯದು.

ಹೊರಗೆ ಹೋಗುವ ಪತ್ರಕ್ಕೆ ಹಿಮ್ಮುಖ ಹೆಸರು ಮುಖ್ಯ. ಕಳುಹಿಸುವ ಐಪಿಗೆ ಪಿಟಿಆರ್ ಇರಬೇಕು, ಆ ಹೆಸರಿನ ಎ ರೆಕಾರ್ಡ್ ಮತ್ತೆ ಅದೇ ಐಪಿಗೆ ಬರಬೇಕು. ಜಿಮೇಲ್ 2024ರ ಫೆಬ್ರುವರಿಯಿಂದ ಇದನ್ನು ಎಲ್ಲ ಕಳುಹಿಸುವವರಿಗೂ ಷರತ್ತಾಗಿಸಿದೆ. ಕುಶಾಲನಗರದ ಸರ್ವರ್ ಫೈಬರ್ ಹೋಗಿ 4ಜಿ ಮೂಲಕ ಪತ್ರ ಕಳಿಸಲು ಹೊರಟರೆ ಆ ಐಪಿಯ ಪಿಟಿಆರ್ ನಿಮ್ಮ ಕೈಯಲ್ಲಿಲ್ಲ, ಎಸ್‌ಪಿಎಫ್‌ನಲ್ಲೂ ಅದು ಇರುವುದಿಲ್ಲ. ಬದಲಿ ಸಂಪರ್ಕದಲ್ಲಿ ಪತ್ರ ಸರದಿಯಲ್ಲೇ ಉಳಿಯಲಿ, ಅಥವಾ ಹೊರಗಿನ ರಿಲೇ (ನಿಮ್ಮ ಪರವಾಗಿ ಪತ್ರ ಒಯ್ಯುವ ಇನ್ನೊಂದು ಸರ್ವರ್) ಮೂಲಕ ಹೋಗಲಿ. ಎಸ್‌ಪಿಎಫ್ ಪರಿಶೀಲನೆಗೆ ಡಿಎನ್‌ಎಸ್ ಹುಡುಕಾಟದ ಮಿತಿ 10. ನ್ಯೂಸ್‌ಲೆಟರ್, ಬುಕಿಂಗ್ ಸೈಟು ಎಂದು ‘ಇನ್‌ಕ್ಲೂಡ್’ ಸೇರಿಸುತ್ತ ಹೋದರೆ ಮಿತಿ ದಾಟಿ ಇಡೀ ಎಸ್‌ಪಿಎಫ್ ವಿಫಲವಾಗುತ್ತದೆ.

ಸರ್ವರ್ ಬದಲಾಯಿಸುವುದು ಗೊತ್ತಿದ್ದರೆ ಟಿಟಿಎಲ್ಲನ್ನು (ಉತ್ತರವನ್ನು ಎಷ್ಟು ಹೊತ್ತು ಕ್ಯಾಶ್‌ನಲ್ಲಿ ಇಡಬಹುದು ಎಂಬ ಸಂಖ್ಯೆ) ಮೊದಲೇ 300 ಸೆಕೆಂಡಿಗೆ ಇಳಿಸಿಡಿ, ಹಳೆಯ ಟಿಟಿಎಲ್ ಮುಗಿಯುವಷ್ಟು ಹೊತ್ತು ಬಿಟ್ಟು ಬದಲಾಯಿಸಿ. ‘ಇಲ್ಲ’ ಎಂಬ ಉತ್ತರವೂ ಕ್ಯಾಶ್ ಆಗುತ್ತದೆ ಎಂಬುದು ಹಲವರಿಗೆ ತಿಳಿದಿಲ್ಲ. ರೆಕಾರ್ಡ್ ಸೇರಿಸುವ ಮೊದಲೇ ಆತುರಕ್ಕೆ ಪರೀಕ್ಷಿಸಿದರೆ ಎಸ್‌ಒಎ (ಡೊಮೇನಿನ ಮೂಲ ವಿವರದ) ರೆಕಾರ್ಡಿನ ಕೊನೆಯ ಸಂಖ್ಯೆಯಷ್ಟು ಸೆಕೆಂಡ್, ಉದಾಹರಣೆಗೆ 3600, ನಿಮ್ಮ ರಿಸಾಲ್ವರ್ ‘ಇಲ್ಲ’ ಎನ್ನುತ್ತಲೇ ಇರಬಹುದು. ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ಅದೇ ವರ್ಷದ ಅಕ್ಟೋಬರ್ 31ರೊಳಗೆ ‘.ಬ್ಯಾಂಕ್.ಇನ್’ ಡೊಮೇನಿಗೆ ಬರಲು ಹೇಳಿದ ಮೇಲೆ ಡೊಮೇನ್ ಬದಲಾವಣೆಯ ತೊಡಕು ಎಲ್ಲರ ಮೇಜಿಗೂ ಬಂದಿದೆ. ಮೇಲ್ ಪ್ರೋಗ್ರಾಂ ಹಳೆಯ ವಿಳಾಸವನ್ನೇ ತಾನಾಗಿ ತುಂಬಿಸಿಕೊಡುತ್ತದೆ. ಬ್ಯಾಂಕಿಗೆ ಕಳಿಸಿದ ಪತ್ರ ಮರಳಿದರೆ ಹಳೆಯ ಮತ್ತು ಹೊಸ ಡೊಮೇನ್ ಎರಡಕ್ಕೂ ಎಂಎಕ್ಸ್ ಕೇಳಿ ನೋಡಿ. ಉತ್ತರದಲ್ಲಿ ‘0’ ಮುಂದೆ ಬರೀ ಚುಕ್ಕಿ ಬಂದರೆ ಆ ಡೊಮೇನ್ ಮೇಲ್ ಪಡೆಯುವುದಿಲ್ಲ ಎಂದು ಉದ್ದೇಶಪೂರ್ವಕವಾಗಿ ಘೋಷಿಸಿದ್ದಾರೆ.

ಸಪೋರ್ಟ್‌ಗೆ ಫೋನ್ ಮಾಡುವಾಗ ‘ಮೇಲ್ ಬರುತ್ತಿಲ್ಲ’ ಎನ್ನುವ ಬದಲು ಐದು ಸಂಗತಿ ಕೈಯಲ್ಲಿರಲಿ: ಸಮಯ, ಆಗ ಯಾವ ಸಂಪರ್ಕದಲ್ಲಿದ್ದಿರಿ, ಯಾವ ರಿಸಾಲ್ವರ್ ಐಪಿ, ಯಾವ ಹೆಸರಿಗೆ ಯಾವ ರೆಕಾರ್ಡ್ ಕೇಳಿದಿರಿ, ಬಂದ ಉತ್ತರ ಪದಶಃ ಏನು. ಸ್ಕ್ರೀನ್‌ಶಾಟ್‌ಗಿಂತ ಅಕ್ಷರಗಳನ್ನೇ ಕಾಪಿ ಮಾಡಿ ಕಳಿಸಿ. ಮತ್ತೆ ಫೈಬರ್ ಬಂದ ಮೇಲೆ ಅದೇ ಪ್ರಶ್ನೆಗಳನ್ನು ಇನ್ನೊಮ್ಮೆ ಕೇಳಿ ಆ ಉತ್ತರವನ್ನೂ ಅದೇ ಪತ್ರದ ಕೆಳಗೆ ಸೇರಿಸಿ.